ಅರವತ್ತನಾಲ್ಕು ಕೋಟು, ಒಂದು ಆಮೆ

ಮಾಸ್ತರಮ್ಮನಿಗೆ ಜನರ ಮುಖ ಮರೆತುಹೋಗುತ್ತದೆ, ಭುಜ ಮರೆಯುವುದಿಲ್ಲ. ಬಸ್ಸಿನಲ್ಲಿ ಯಾರಾದರೂ "ಚೆನ್ನಾಗಿದೀರಾ?" ಎಂದರೆ ಕಣ್ಣು ಕಿರಿದು ಮಾಡಿಕೊಂಡು ಒಂದು ಗಳಿಗೆ ನೋಡುತ್ತಾರೆ. ಆಮೇಲೆ ಇದ್ದಕ್ಕಿದ್ದಂತೆ ಅರಳಿ, "ಓ ಓ ಓ! ಎಡಭುಜ ಅರ್ಧ ಇಂಚು ಇಳಿಜಾರು! ಅಂಚೆ ಕಚೇರಿ ಯೂನಿಫಾರಂ, ಅಲ್ವೇನಪ್ಪಾ?" ಎನ್ನುತ್ತಾರೆ. ಪಾಪ, ಆ ಮನುಷ್ಯನಿಗೆ ತನ್ನ ಎಡಭುಜ ಇಳಿಜಾರು ಅನ್ನುವುದು ಗೊತ್ತಾಗುವುದೇ ಆವತ್ತು, ಅದೂ ಬಸ್ಸಿನ ತುಂಬ ಜನರ ಎದುರಿಗೆ.

ವಯಸ್ಸು ಐವತ್ತೆಂಟು. ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಏಳು ಹೊಲಿಗೆ ಯಂತ್ರಗಳ ಯೂನಿಫಾರಂ ಅಂಗಡಿಯೊಂದಿದೆ. ಅಲ್ಲಿ ಮೂವತ್ತು ವರ್ಷದಿಂದ ಅಳತೆ ತೆಗೆಯುವವರೂ ಅವರೇ, ಬಟ್ಟೆ ಕತ್ತರಿಸುವವರೂ ಅವರೇ. ಕಟಿಂಗ್ ಮಾಸ್ಟರ್ ಹುದ್ದೆಗೆ ಹೆಂಗಸು ಬಂದಾಗ ಏನೆಂದು ಕರೆಯುವುದೋ ತಿಳಿಯದೆ ಯಾರೋ 'ಮಾಸ್ತರಮ್ಮ' ಎಂದರು, ಅದೇ ನಿಂತುಬಿಟ್ಟಿತು. ಸ್ವಂತ ಹೆಸರು ಈಗ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮಾತ್ರ ಉಳಿದಿದೆ.

ಇಂಥ ಮಾಸ್ತರಮ್ಮ ಈ ವಯಸ್ಸಿನಲ್ಲಿ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯಲು ಹೊರಟರು ನೋಡಿ! ಅದಕ್ಕೆ ಕಾರಣ ಒಂದು ಹಳೆಯ ಕೋಟು.

ಕೋಟು ಅವರ ಅಪ್ಪನದು. ಅಪ್ಪ ಊರ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮು ಬಾರಿಸುತ್ತಿದ್ದರು. ಆಳು ಸಣ್ಣ, ಡ್ರಮ್ಮು ದೊಡ್ಡದು, ಕೋಟು ಆಳಿಗಿಂತ ದೊಡ್ಡದು. ಬ್ಯಾಂಡಿಗೆ ಕೋಟು ಬರುತ್ತಿದ್ದುದು ಮೂರೇ ಅಳತೆಯಲ್ಲಿ: ಸಣ್ಣದು, ಮಧ್ಯಮ, ದೊಡ್ಡದು. ಅಪ್ಪನ ಪಾಲಿಗೆ ಮಧ್ಯಮ ಬಂದಿತ್ತು. ಭುಜ ಜೋತು ಬೀಳುತ್ತಿತ್ತು, ತೋಳು ಬೆರಳು ಮುಚ್ಚುತ್ತಿತ್ತು. ಮೆರವಣಿಗೆಯ ದಿನ ಬೆಳಿಗ್ಗೆ ಅಪ್ಪ ಕೈ ಚಾಚಿ ನಿಲ್ಲುವುದು, ಏಳು ವರ್ಷದ ಮಗಳು ತೋಳನ್ನು ಒಳಗೆ ಮೂರು ಮಡಿಕೆ ಮಡಿಸಿ ಪಿನ್ನು ಚುಚ್ಚುವುದು. ಬೀದಿಗೆ ಬಂದು ಡ್ರಮ್ಮಿಗೆ ನಾಲ್ಕು ಏಟು ಬಿತ್ತೋ ಇಲ್ಲವೋ, ಪಿನ್ನು ಹಾರಿ ತೋಳು ಮತ್ತೆ ಬೆರಳಿನ ಮೇಲೆ. ಅಪ್ಪ ಬಾರಿಸುತ್ತ ಬಾರಿಸುತ್ತಲೇ ಹಲ್ಲಿನಿಂದ ತೋಳು ಕಚ್ಚಿ ಎಳೆದುಕೊಳ್ಳುತ್ತಿದ್ದರು. ಜನ ಹೋ ಎಂದು ನಗುತ್ತಿದ್ದರು. ಮಗಳಿಗೆ ಅಳುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಮಾಸ್ತರಮ್ಮ ಕತ್ತರಿ ಹಿಡಿದದ್ದು ಆ ಸಿಟ್ಟಿನಿಂದಲೇ.

ಈಗ ಐವತ್ತು ವರ್ಷದ ಮೇಲೆ ಅದೇ ಬ್ಯಾಂಡಿನ ಆರ್ಡರು ಅವರ ಅಂಗಡಿಯ ಮೆಟ್ಟಿಲು ಹತ್ತಿ ಬಂತು. ನೀಲಿ ಬಟ್ಟೆ, ಹಿತ್ತಾಳೆ ಗುಂಡಿ, ಅರವತ್ತನಾಲ್ಕು ಕೋಟು.

"ಸಣ್ಣದು ಇಪ್ಪತ್ತು, ಮಧ್ಯಮ ಮೂವತ್ತು, ದೊಡ್ಡದು ಹದಿನಾಲ್ಕು," ಎಂದು ಓದಿದರು ಅಂಗಡಿಯ ಯಜಮಾನರು. ಅವರು ಮಾಸ್ತರಮ್ಮನಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ಅವರ ಶಾಲೆ ಚಡ್ಡಿ ಕತ್ತರಿಸಿದ್ದೂ ಮಾಸ್ತರಮ್ಮನೇ.

"ಮೂರಳತೆ ಆಗಲ್ಲ," ಎಂದರು ಮಾಸ್ತರಮ್ಮ. "ಒಬ್ಬೊಬ್ಬರಿಗೂ ಅವರವರ ಮೈಗೆ ಕತ್ತರಿಸ್ತೀನಿ."

"ನೀವೇನು ಮನುಷ್ಯರೋ ಯಂತ್ರಾನೋ? ಒಂದು ಕೋಟಿಗೆ ಪೇಪರ್ ಕಟಿಂಗ್ ಮಾಡೋಕೇ ಅರ್ಧ ದಿನ ಹಿಡಿಯುತ್ತೆ. ಶಾಲೆ ಯೂನಿಫಾರಂ ಕೆಲಸ ಕತ್ತಿನ ತನಕ ಇದೆ. ಇನ್ನೆರಡು ತಿಂಗಳಿಗೆ ಮಿಲ್ಲಿಂದ ನೀಲಿ ಬಟ್ಟೆ ಬರುತ್ತೆ, ಬಂದ ಹದಿನೈದನೇ ದಿನಕ್ಕೆ ಮೆರವಣಿಗೆ. ಲೆಕ್ಕ ನೀವೇ ಹಾಕಿ."

ಪೇಪರ್ ಕಟಿಂಗ್ ಎಂದರೆ ಬಟ್ಟೆಗೆ ಕತ್ತರಿ ಹಾಕುವ ಮೊದಲು ಕಂದು ಕಾಗದದ ಮೇಲೆ ಕೋಟಿನ ಒಂದೊಂದು ಭಾಗವನ್ನೂ ಅಳತೆಗೆ ಸರಿಯಾಗಿ ಬಿಡಿಸಿ ಕತ್ತರಿಸಿಕೊಳ್ಳುವುದು. ತಪ್ಪಿದರೆ ಕಾಗದ ಹೋಯಿತು ಅಷ್ಟೇ, ಬಟ್ಟೆ ಉಳಿಯಿತು. ಮಾಸ್ತರಮ್ಮ ಕಿಟಕಿಯಿಂದ ಎದುರಿನ ಅಂಗಡಿ ನೋಡಿದರು. ಅಲ್ಲಿ ಮನೆ ಕಟ್ಟುವವರ ನಕ್ಷೆ ಪ್ರಿಂಟು ಮಾಡುತ್ತಾರೆ. ಮೇಜಿನಷ್ಟು ಅಗಲದ ಕಾಗದ, ಅದರ ಮೇಲೆ ಗೋಡೆ, ಬಾಗಿಲು, ಮೆಟ್ಟಿಲು ಸರಸರ ಇಳಿಯುತ್ತಿದ್ದವು.

"ಮನೆ ಗೋಡೆ ಬಿಡಿಸೋ ಯಂತ್ರಕ್ಕೆ ಕೋಟಿನ ತೋಳು ಬಿಡಿಸೋಕೆ ಏನು ಧಾಡಿ?" ಎಂದರು. "ಪೇಪರ್ ಕಟಿಂಗ್ ಕಂಪ್ಯೂಟರ್ ಕೈಲಿ ಮಾಡಿಸ್ತೀನಿ."

"ಅದಕ್ಕೆ ರೆಡಿ ಸಾಫ್ಟ್‌ವೇರ್ ಇದ್ಯಂತಲ್ಲ?"

"ಅದರ ಕಟಿಂಗು ಅದರದ್ದು, ನನ್ನ ಕಟಿಂಗು ನಂದು. ನಾನೇ ಕಲಿತು ನಾನೇ ಬರೀತೀನಿ."

ಏಳು ಯಂತ್ರಗಳೂ ಒಮ್ಮೆಲೇ ನಿಂತವು. ಮೂಲೆಯಲ್ಲಿ ಗುಂಡಿತೂತಿಗೆ ಕಾಜಾ ಹೊಲಿಯುವ ಕಾಜಕ್ಕ ಬಾಯಲ್ಲಿದ್ದ ದಾರ ಕಡಿಯುವುದನ್ನೇ ಮರೆತಳು. ಯಜಮಾನರಿಗೆ ನಗು ಬಂತು, ಆದರೆ ಚಡ್ಡಿ ಕತ್ತರಿಸಿಕೊಟ್ಟವರ ಮುಂದೆ ನಗುವುದು ಹೇಗೆ? ಗಂಭೀರವಾಗಿ ಒಂದು ಷರತ್ತು ಹಾಕಿದರು. "ನೀಲಿ ಬಟ್ಟೆ ಬರೋದ್ರೊಳಗೆ ಡ್ರಮ್ಮಿನವನಿಗೆ ಒಂದು ಟ್ರಯಲ್ ಕೋಟು ಮಾಡಿ ತೋರಿಸಿ. ಮೈಗೆ ಕೂತ್ರೆ ಅರವತ್ನಾಲ್ಕೂ ನಿಮ್ಮಿಷ್ಟ. ಕೂರ್ಲಿಲ್ಲ ಅಂದ್ರೆ ಮೂರಳತೆ, ಮತ್ತೆ ಮಾತಾಡಂಗಿಲ್ಲ."

"ಆಯ್ತು," ಎಂದರು ಮಾಸ್ತರಮ್ಮ. ಆ ವಾರವೇ ಬ್ಯಾಂಡಿನ ಅರವತ್ತನಾಲ್ಕು ಜನರನ್ನೂ ಸಾಲಾಗಿ ನಿಲ್ಲಿಸಿ, ಬಣ್ಣ ಮಾಸಿದ ತಮ್ಮ ಹಳೆಯ ಟೇಪಿನಲ್ಲಿ ಅಳೆದು, ಅಳತೆ ಪುಸ್ತಕದಲ್ಲಿ ಬರೆದಿಟ್ಟುಕೊಂಡರು.

ಮನೆಯಲ್ಲಿ ಇರುವುದು ಮೂರು ಜನ. ಮಗ ರೈಲು ಓಡಿಸುತ್ತಾನೆ. ಎರಡು ದಿನ ಮನೆ, ಮೂರು ದಿನ ಹಳಿ. ಸೊಸೆಗೆ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಮದುವೆಯಾಗಿ ಮೂರು ವರ್ಷವಾದರೂ ಅತ್ತೆ ಸೊಸೆ ಒಮ್ಮೆಯೂ ಜಗಳವಾಡಿರಲಿಲ್ಲ. ಜಗಳವಾಡುವಷ್ಟು ಸಲಿಗೆಯೇ ಇರಲಿಲ್ಲ ಅನ್ನಿ. "ಊಟ ಆಯ್ತಾ ಅತ್ತೆ?" "ಆಯ್ತಮ್ಮ." ಇಷ್ಟರಲ್ಲಿ ಅವರ ದಿನ ಮುಗಿಯುತ್ತಿತ್ತು. ಮಾಸ್ತರಮ್ಮ ಸೊಸೆಯ ಹಳೆಯ ಲ್ಯಾಪ್‌ಟಾಪು ಕೇಳಿದಾಗಲೂ ಹಾಗೆಯೇ ಆಯಿತು. "ತಗೊಳ್ಳಿ ಅತ್ತೆ," ಎಂದಳು ಅವಳು. ಯಾತಕ್ಕೆ ಎಂದು ಅವಳು ಕೇಳಲಿಲ್ಲ, ಇವರು ಹೇಳಲೂ ಇಲ್ಲ.

ಇನ್ನು ಯಾವ ಭಾಷೆ ಕಲಿಯುವುದು? ಇಲ್ಲಿ ಶುರುವಾಯಿತು ನೋಡಿ ತಲೆನೋವು. ಕಂಪ್ಯೂಟರಿಗೆ ಒಂದೇ ಭಾಷೆ ಎಂದುಕೊಂಡಿದ್ದರು ಮಾಸ್ತರಮ್ಮ. ನೋಡಿದರೆ ನೂರಾರು!

ಮೊದಲು ಅಳಿಯನಿಗೆ ಫೋನ್ ಮಾಡಿದರು. ಅವನು ಟೆಲಿಫೋನ್ ಕಂಪನಿಯಲ್ಲಿದ್ದಾನೆ, ಅವನಿಗೆ ಎಲ್ಲ ಗೊತ್ತು. ಗೊತ್ತಿಲ್ಲದ್ದು ಅವನಿಗಿನ್ನೂ ಗೊತ್ತಾಗಿಲ್ಲ. "ರಸ್ಟ್ ಕಲೀರಿ ಅತ್ತೆ," ಎಂದ. "ತಪ್ಪು ಮಾಡೋಕೇ ಬಿಡಲ್ಲ ಅದು."

ಮಾಸ್ತರಮ್ಮ ನಂಬಿದರು. ಎರಡು ದಿನ ಹೆಣಗಿ ಅದನ್ನು ಹಾಕಿಸಿಕೊಂಡು ಐದು ಸಾಲು ಬರೆದರು. ಅದು ಹದಿನೈದು ಸಾಲು ಉತ್ತರ ಕೊಟ್ಟಿತು, ಕೆಂಪು ಬಣ್ಣದಲ್ಲಿ. ತಪ್ಪು ಎಲ್ಲಿದೆ, ಹೇಗೆ ತಿದ್ದಬೇಕು ಎಂದು ಪಾಪ ಬಿಡಿಸಿಯೇ ಹೇಳಿತ್ತು. ಆದರೆ ಕೆಂಪು ಕಂಡದ್ದೇ ಇವರ ಎದೆ ಧಸಕ್ಕೆಂದಿತು. "ಅಳಿಯಂದ್ರೇ, ನಮ್ಮತ್ತೆ ಕೂಡ ನನ್ನ ಇಷ್ಟು ಬೈದಿರ್ಲಿಲ್ಲ," ಎಂದು ಫೋನ್ ಇಟ್ಟರು.

ನಕ್ಷೆ ಅಂಗಡಿಯವನು ಜಾವಾಸ್ಕ್ರಿಪ್ಟ್ ಎಂದ. "ಏನೂ ಹಾಕ್ಕೊಳ್ಳೋದೇ ಬೇಡಮ್ಮ, ಬ್ರೌಸರ್ ಒಂದಿದ್ರೆ ಸಾಕು." ಸರಿ ಎಂದು ಅದನ್ನು ಕಲಿಯಲು ಕೂತರು. ಪಾಠದ ಮೊದಲ ಪುಟದಲ್ಲಿ ಇನ್ನೂ ನಾಲ್ಕು ಸಲಕರಣೆಗಳ ಹೆಸರಿತ್ತು, ಆ ನಾಲ್ಕನ್ನು ಹುಡುಕಿದರೆ ಒಂದೊಂದಕ್ಕೂ ಮತ್ತೆರಡು. ಪಕ್ಕದ ಮನೆಯ ನಿವೃತ್ತ ಲೆಕ್ಕದ ಮೇಷ್ಟ್ರು ಇದನ್ನೆಲ್ಲ ಕೇಳಿ ಮೂಗು ಮುರಿದರು. "ಮೊದಲು ಕಂಪ್ಯೂಟರಿನ ಹೊಟ್ಟೆ ಒಳಗೆ ಏನಿದೆ ತಿಳ್ಕೊಳ್ಳಿ. ಆರು ತಿಂಗಳು ಸಾಕು." ಅವರು ಕೊಟ್ಟ ಪುಸ್ತಕ ಎಷ್ಟು ದಪ್ಪವಿತ್ತೆಂದರೆ ಮಾಸ್ತರಮ್ಮ ಅದನ್ನು ಕಾಗದ ಹಾರದಂತೆ ಮೇಜಿನ ಮೇಲೆ ಇಟ್ಟುಕೊಂಡರು. ಆ ಮಟ್ಟಿಗೆ ಅದು ಬಹಳ ಉಪಯೋಗಕ್ಕೆ ಬಂತು.

ಆಮೇಲೆ ಬರೆಯುವ ಕಿಟಕಿಯ ಸಂಗತಿ. ಪ್ರೋಗ್ರಾಂ ಬರೆಯಲು ಬೇರೆ ಬೇರೆ ಎಡಿಟರುಗಳಂತೆ, ಒಂದೊಂದಕ್ಕೂ ಹತ್ತಾರು ಬಣ್ಣವಂತೆ. ಬಣ್ಣ ಅಂದರೆ ಮಾಸ್ತರಮ್ಮನ ಕೈ ನಿಲ್ಲುತ್ತದೆಯೇ? ಮೂರು ಸಂಜೆ ಪೂರಾ ಕೂತು, ದಾರದ ಉಂಡೆ ಆರಿಸುವ ಹಾಗೆ, ಹಿನ್ನೆಲೆಗೆ ಯಾವ ನೀಲಿ, ಅಕ್ಷರಕ್ಕೆ ಯಾವ ಹಳದಿ ಎಂದು ಜೋಡಿಸಿದರು. ಬಲು ಚೆನ್ನಾಗಿ ಕಂಡಿತು. ಬರೆದದ್ದು ಮಾತ್ರ ಒಂದು ಸಾಲೂ ಇಲ್ಲ.

"ಮಾಸ್ತರಮ್ಮ, ಭಾಷೆ ಹುಡುಕ್ತಿದೀರೋ, ಮಗಳಿಗೆ ಗಂಡು ಹುಡುಕ್ತಿದೀರೋ?" ಎಂದಳು ಕಾಜಕ್ಕ. "ಇದು ಕಪ್ಪು, ಅದು ಕುಳ್ಳು ಅಂತ ಮೂರು ವಾರ ಆಯ್ತು."

ಹೌದು, ಮೂರು ವಾರ! ಎಂಟು ವಾರದಲ್ಲಿ ಮೂರು ಹೋಗಿತ್ತು. ಮಾಸ್ತರಮ್ಮನ ನೋಟ್‌ಬುಕ್ಕಿನಲ್ಲಿ ಹದಿನಾಲ್ಕು ಭಾಷೆಗಳ ಹೆಸರು, ಎದುರಿಗೆ ಗುಣ, ದೋಷ, ಯಾರ ಶಿಫಾರಸು ಎಲ್ಲ ಇತ್ತು. ತಾನೆಂಥ ಪೆದ್ದುಕೆಲಸ ಮಾಡುತ್ತಿದ್ದೇನೆ ಎಂದು ಅವರಿಗೆ ಒಳಗೊಳಗೇ ನಾಚಿಕೆ ಶುರುವಾಯಿತು.

ಒಂದು ಬೆಳಿಗ್ಗೆ ಆರು ಗಂಟೆಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು ಬಿಚ್ಚಿಕೊಂಡು, ಪಟ್ಟಿಯ ಒಂಬತ್ತನೇ ಭಾಷೆಯಲ್ಲಿ ಯಾವುದೋ ಪಾಠ ನೋಡಿ ಎರಡು ಸಾಲು ಹೊಡೆದಿದ್ದರು. ಅದು ತಪ್ಪು ಎಂದಿತು. ಮತ್ತೆ ಹೊಡೆದರು. ಮತ್ತೆ ತಪ್ಪು. ಹಿಂದೆ ಲೋಟ ತೊಳೆಯುತ್ತಿದ್ದ ಸೊಸೆ ತಿರುಗಿ ನೋಡದೆಯೇ ಇರಲು ಬಹಳ ಪ್ರಯತ್ನಪಟ್ಟಳು. ಆಗಲಿಲ್ಲ.

"ಅತ್ತೆ, ಬ್ರಾಕೆಟ್ ಮುಚ್ಚಿಲ್ಲ."

ಮಾಸ್ತರಮ್ಮ ಮುಚ್ಚಿದರು. ಉತ್ತರ ಬಂತು. ಅವರು ನಿಧಾನವಾಗಿ ಕುರ್ಚಿ ತಿರುಗಿಸಿದರು. "ನಿಂಗೆ ಹೇಗೆ ಗೊತ್ತಾಯ್ತಮ್ಮ?"

"ಲ್ಯಾಬಲ್ಲಿ ದಿನಾ ಇದೇ ಮಾಡ್ತೀನಲ್ಲ ಅತ್ತೆ. ನೀರಿನ ಲೆಕ್ಕ ಎಲ್ಲ ಇದರಲ್ಲೇ. ಪೈಥಾನು."

"ನೀನು ಅಲ್ಲಿ ಪತ್ರ ಟೈಪ್ ಮಾಡ್ತೀಯ ಅಂದ್ಕೊಂಡಿದ್ದೆ!"

"ಇಲ್ಲ ಅತ್ತೆ."

"ಅಯ್ಯೋ ನನ್ನ ಕರ್ಮವೇ! ಊರೆಲ್ಲ ಕೇಳ್ಕೊಂಡು ಬಂದೆ. ಮೂರು ವಾರದಿಂದ ಒದ್ದಾಡ್ತಿದೀನಿ, ಒಂದು ಮಾತು ಹೇಳಬಾರ್ದಾ?"

ಸೊಸೆ ಕೈ ಒರೆಸಿಕೊಂಡಳು. "ನೀವು ಕೇಳ್ಲಿಲ್ಲವಲ್ಲ ಅತ್ತೆ," ಎಂದಳು.

ಮಾಸ್ತರಮ್ಮ ಅವಳ ಮುಖ ನೋಡಿದರು. ಮೂರು ವರ್ಷದಲ್ಲಿ ಇವಳ ಕೆಲಸ ಏನೆಂದು ಒಂದು ದಿನವೂ ಕೇಳಿಲ್ಲವಲ್ಲ ಎಂದು ಮನಸ್ಸಿಗೆ ಚುಚ್ಚಿತು. ನೋಟ್‌ಬುಕ್ಕು ತೆಗೆದು ಹದಿಮೂರು ಹೆಸರಿಗೆ ಅಡ್ಡಗೆರೆ ಹೊಡೆದರು. "ಬಾ, ಕೂತ್ಕೋ," ಎಂದರು. "ನಿಂಗೆ ಬರೋದೇ ನಂಗೂ ಸಾಕು. ತಪ್ಪಾದ್ರೆ ಕೇಳೋಕೆ ಮನೇಲೇ ಇದೀಯಲ್ಲ."

ಸೊಸೆ ಮೊದಲು ಮಾಡಿದ ಕೆಲಸವೆಂದರೆ ಆ ಎಡಿಟರುಗಳನ್ನೆಲ್ಲ ತೆಗೆದುಹಾಕಿದ್ದು. ಪೈಥಾನಿನ ಜೊತೆಗೇ ಬರುವ ಸಾದಾ ಬಿಳಿ ಕಿಟಕಿಯೊಂದು ಉಳಿಯಿತು. ನೀಲಿ ಹಳದಿ ಹೋದದ್ದಕ್ಕೆ ಮಾಸ್ತರಮ್ಮನಿಗೆ ಹೊಟ್ಟೆ ಉರಿಯಿತು. ಅವತ್ತಿನಿಂದ ದಿನಾ ಬೆಳಿಗ್ಗೆ ಆರರಿಂದ ಏಳು, ಎರಡು ಲೋಟ ಚಹಾ, ಒಂದು ಪಾಠ.

ಪೈಥಾನಿನಲ್ಲಿ ಒಂದು ಆಮೆ ಇದೆ. ತಮಾಷೆಯಲ್ಲ, ನಿಜವಾಗಿಯೂ ಇದೆ. ಪರದೆಯ ನಡುವೆ ಕೂತಿರುತ್ತದೆ. ನೂರು ಹೆಜ್ಜೆ ಮುಂದೆ ಹೋಗು ಎಂದರೆ ಹಿಂದೆ ಗೆರೆ ಎಳೆಯುತ್ತ ಹೋಗುತ್ತದೆ, ಎಡಕ್ಕೆ ತಿರುಗು ಎಂದರೆ ತಿರುಗುತ್ತದೆ. ಹೊಸದಾಗಿ ಕಲಿಯುವವರಿಗೆಂದೇ ಇಟ್ಟದ್ದು. ಮಾಸ್ತರಮ್ಮ ಅದನ್ನು ಕಂಡದ್ದೇ ಕಂಡದ್ದು, ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. "ಇದು ನನ್ನ ಸೀಮೆಸುಣ್ಣ! ಅದೇ, ಹೇಳಿದ ಕಡೆ ಹೋಗೋ ಸೀಮೆಸುಣ್ಣ!" ಮೂರನೇ ದಿನಕ್ಕೆ ಆಮೆ ಒಂದು ಚೌಕ ಎಳೆಯಿತು, ಏಳನೇ ದಿನಕ್ಕೆ ಒಂದು ಕಾಲರು. ಹನ್ನೆರಡನೇ ದಿನ ತೋಳು ಬಿಡಿಸಲು ಹೋಗಿ ಆಮೆ ಪರದೆಯ ಆಚೆ ಎಲ್ಲೋ ಹೊರಟೇಹೋಯಿತು. "ಎಲ್ಲಿ ಸತ್ತೆಯೋ, ವಾಪಸ್ ಬಾರೋ!" ಎಂದು ಮಾಸ್ತರಮ್ಮ ಕೂಗಿದ್ದು ಪಕ್ಕದ ಮನೆ ಮೇಷ್ಟ್ರಿಗೂ ಕೇಳಿಸಿತು.

ಕೆಲವು ಸಾಲುಗಳನ್ನು ಎಡಗಡೆ ಜಾಗ ಬಿಟ್ಟು ಬರೆಯಬೇಕು ಎಂದಾಗ ಅವರಿಗೆ ಪರಮಾನಂದ. "ಮಾರ್ಜಿನ್ ಬಿಡದಿದ್ರೆ ಹೊಲಿಗೆ ನಿಲ್ಲಲ್ಲ. ಇದು ನಮ್ಮ ಕಸುಬಿನವರೇ ಮಾಡಿದ ಭಾಷೆ ಇರ್ಬೇಕು." ಹೆಸರುಗಳನ್ನು ನಮ್ಮ ಅಕ್ಷರದಲ್ಲೇ ಇಡಬಹುದು ಎಂದು ತಿಳಿದಾಗ ಇನ್ನೂ ಖುಷಿ, ಎದೆ, ಭುಜ, ತೋಳು, ಉದ್ದ ಎಂದು ಸಾಲಾಗಿ ಬರೆದರು. ಒಂದೇ ಒಂದು ವಿಷಯಕ್ಕೆ ಮಾತ್ರ ಅವರು ಒಪ್ಪಲಿಲ್ಲ.

"ಕಂಪ್ಯೂಟರ್ ಸೊನ್ನೆಯಿಂದ ಎಣಿಸುತ್ತೆ ಅತ್ತೆ. ಸಾಲಲ್ಲಿ ಮೊದಲನೇ ಗುಂಡಿ ಅಂದ್ರೆ ಸೊನ್ನೇ ಗುಂಡಿ."

"ಕಾಜಕ್ಕನ ಹತ್ರ ಹೋಗಿ ಸೊನ್ನೇ ಗುಂಡಿಗೆ ಕಾಜಾ ಹಾಕು ಅಂದ್ರೆ ನನ್ನ ಹುಚ್ಚಾಸ್ಪತ್ರೆಗೆ ಸೇರಿಸ್ತಾಳೆ! ನಾನು ಮೂವತ್ತು ವರ್ಷದಿಂದ ಒಂದರಿಂದ್ಲೇ ಶುರು ಮಾಡಿರೋಳು."

"ಅದು ಸೊನ್ನೆಯಿಂದ್ಲೇ ಅತ್ತೆ."

"ಅದಕ್ಕೆ ಬುದ್ಧಿ ಇಲ್ಲ," ಎಂದು ಮಾಸ್ತರಮ್ಮ ಚಹಾ ಕುಡಿದರು. ಸೊಸೆ ಮೊದಲ ಸಲ ಅವರ ಎದುರಿಗೆ ಬಾಯಿ ಬಿಟ್ಟು ನಕ್ಕಳು.

ಏಳನೇ ವಾರಕ್ಕೆ ಪ್ರೋಗ್ರಾಂ ಮುಗಿಯಿತು. ಅಳತೆ ಪುಸ್ತಕದಿಂದ ಡ್ರಮ್ಮಿನವನ ಅಂಕಿಗಳನ್ನು ಹೊಡೆದರು. ಆಮೆ ಬೆನ್ನು, ಮುಂಭಾಗ, ತೋಳು ಎಲ್ಲ ಎಳೆಯಿತು. ನಕ್ಷೆ ಅಂಗಡಿಯಲ್ಲಿ ನಿಜ ಅಳತೆಯ ಕಾಗದ ಹೊರಬಂತು. ಮಾಸ್ತರಮ್ಮ ಅದನ್ನು ಬೂದು ಬಟ್ಟೆಯ ಮೇಲೆ ಹರಡಿ, ಒಂದು ಗೆರೆಯನ್ನೂ ತಿದ್ದದೆ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿದರು. ಡ್ರಮ್ಮಿನವನು ಬಂದ. ಹಗಲೆಲ್ಲ ಲಿಫ್ಟ್ ರಿಪೇರಿ ಮಾಡುವ ಸಣಕಲು ಮನುಷ್ಯ. ಅಂಗಡಿಯವರೆಲ್ಲ ಸುತ್ತ ನಿಂತರು. ಕೋಟು ಹಾಕಿಸಿದರು.

ಭುಜ ಜೋತು ಬಿತ್ತು. ತೋಳು ಅಂಗೈ ಮುಚ್ಚಿತು. ಕಾಲರು ಕುತ್ತಿಗೆಯಿಂದ ದೂರ ನಿಂತಿತು.

ಡ್ರಮ್ಮಿನವನು ಒಳ್ಳೆಯವನು, ಪಾಪ, ಮಾಸ್ತರಮ್ಮನ ಮುಖ ನೋಡಲಾರದೆ ಹೇಳಿದ, "ಪರವಾಗಿಲ್ಲಮ್ಮ. ತೋಳು ಒಳಗೆ ಮಡಿಸಿ ಪಿನ್ನು ಹಾಕ್ಕೊಳ್ತೀನಿ."

ಮಾಸ್ತರಮ್ಮನಿಗೆ ಆ ಮಾತು ತಡೆಯಲಾಗಲಿಲ್ಲ. ಟೇಪು ಕೊರಳಿಗೆ ಹಾಕಿಕೊಂಡು ಸೀದಾ ಮೆಟ್ಟಿಲಿಳಿದು ಹೋದರು. ಅಪ್ಪನ ಕೋಟನ್ನು ತಾವೇ ಕೈಯಾರೆ ಮತ್ತೆ ಹೊಲಿದ ಹಾಗಾಗಿತ್ತು.

ನೀಲಿ ಬಟ್ಟೆ ಬರಲು ಎಂಟು ದಿನ ಉಳಿದಿತ್ತು. ಆ ವಾರ ಮನೆಯಲ್ಲಿ ಮೂರು ವರ್ಷದ ಮೊದಲ ಜಗಳ ನಡೆಯಿತು. ಅಂಗಡಿಯಲ್ಲಿ ಕಾಗದ ಅಳೆದು ಬಂದ ಮಾಸ್ತರಮ್ಮ, "ಎಲ್ಲಾ ಕಡೆ ಒಂದಿಂಚು ಜಾಸ್ತಿ ಇದೆ. ಪುಸ್ತಕದಲ್ಲಿ ಭುಜ ಹದಿನೇಳು, ಕಾಗದದ ಮೇಲೆ ಹದಿನೆಂಟು," ಎಂದರು. ಸೊಸೆ ಪರದೆ ನೋಡಿ, "ಹದಿನೇಳ್ ಅಂದ್ರೆ ಹದಿನೇಳೇ ಎಳೆದಿದೆ ಅತ್ತೆ, ನೋಡಿ," ಎಂದಳು.

"ನನ್ನ ಟೇಪು ಸುಳ್ಳು ಹೇಳುತ್ತಾ?"

"ನನ್ನ ಪ್ರೋಗ್ರಾಂ ಸುಳ್ಳು ಹೇಳುತ್ತಾ?"

"ನಿನ್ನ ಪ್ರೋಗ್ರಾಂ? ಬರೆದವಳು ನಾನು!"

ಒಂದಿಂಚು ಜಾಸ್ತಿ ಎಂದ ಕೂಡಲೇ ಸೊಸೆಗೆ ಸೊನ್ನೆಯ ಮೇಲೆ ಸಂಶಯ ಬಂತು. ಸೊನ್ನೆಯಿಂದ ಎಣಿಸಬೇಕಾದ ಕಡೆ ಒಂದರಿಂದ ಎಣಿಸಿದರೆ ಇಂಥ ಎಡವಟ್ಟು ಆಗುವುದುಂಟು. ನಾಲ್ಕು ದಿನ ಒಂದೊಂದು ಸಾಲನ್ನೂ ಹೇನು ಹೆಕ್ಕುವ ಹಾಗೆ ಹುಡುಕಿದಳು. ಏನೂ ಸಿಗಲಿಲ್ಲ. ಐದನೇ ದಿನ ಭಾನುವಾರ. ಮಾಸ್ತರಮ್ಮ ಚಹಾದ ಲೋಟ ಕೆಳಗಿಟ್ಟರು. "ಸಾಕು ಬಿಡು. ನಾಳೆ ಯಜಮಾನ್ರಿಗೆ ಮೂರಳತೆ ಅಂತ ಹೇಳಿಬಿಡ್ತೀನಿ. ಹಣೇಲಿ ಇಲ್ಲದ್ದು ಕೈಗೆ ಬರಲ್ಲ."

ಸೊಸೆ ಪರದೆಯ ಕಡೆಗೆ ಬಗ್ಗಿದಳು. ಅವಳು ತೊಟ್ಟಿದ್ದ ರೆಡಿಮೇಡ್ ಅಂಗಿಯ ಭುಜ ಜಾರಿ ತೋಳಿನ ಮೇಲೆ ಕೂತಿತ್ತು. ಮಾಸ್ತರಮ್ಮ ಒಂದು ನಿಮಿಷ ನೋಡಿದರು. ಎರಡು ನಿಮಿಷ ನೋಡಿದರು. ಆಮೇಲೆ ಎದ್ದೇಬಿಟ್ಟರು.

"ಐದು ವಾರದಿಂದ ನಿನ್ನ ಭುಜ ನೋಡಿ ನೋಡಿ ನನ್ನ ಕಣ್ಣು ಕಿತ್ತು ಬರ್ತಿದೆ. ಎದ್ದು ನಿಂತ್ಕೋ. ಬ್ಯಾಂಡಿನವರಿಗಂತೂ ಆಗ್ಲಿಲ್ಲ, ನಿಂಗಾದ್ರೂ ಮೈಗೆ ಕೂರೋ ಕೋಟು ಮಾಡಿಕೊಡ್ತೀನಿ."

ಸೊಸೆ ಎದ್ದು ನಿಂತಳು. ಊರಿಗೆಲ್ಲ ಅಳತೆ ತೆಗೆಯುವ ಅತ್ತೆ ತನಗೊಮ್ಮೆ ತೆಗೆಯಲಿ ಎಂದು ಮೂರು ವರ್ಷದಿಂದ ಆಸೆಯಿತ್ತು, ಕೇಳಲು ಸಂಕೋಚ. ಮಾಸ್ತರಮ್ಮ ಟೇಪಿನ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಅವಳ ಭುಜದ ಮೇಲಿಟ್ಟರು. ಕಿಟಕಿಯ ಬಿಸಿಲು ಟೇಪಿನ ಮೇಲೆ ಬಿದ್ದಿತ್ತು. ಸೊಸೆ ಕತ್ತು ತಿರುಗಿಸಿ ನೋಡಿದಳು.

"ಅಲ್ಲಾಡಬೇಡ."

"ಅತ್ತೆ, ಒಂದು ನಿಮಿಷ. ಸೊನ್ನೆ ಎಲ್ಲಿ?"

"ಯಾವ ಸೊನ್ನೆ?"

"ಟೇಪಲ್ಲಿ ಅತ್ತೆ. ಒಂದರಿಂದ ಶುರು ಆಗಿದೆ. ಮೊದಲನೇ ಇಂಚೇ ಇಲ್ಲ!"

"ಓ, ಅದಾ? ಅದು ಹರಿದು ಹೋಗಿ ಹನ್ನೊಂದು ವರ್ಷ ಆಯ್ತು."

ಮಾಸ್ತರಮ್ಮ ಹೆಬ್ಬೆರಳು ಸರಿಸಿ ಟೇಪಿನ ತುದಿ ನೋಡಿದರು, ಜೀವಮಾನದಲ್ಲಿ ಮೊದಲ ಸಲ ನೋಡುವವರಂತೆ.

ವಿಷಯ ಇಷ್ಟೇ. ಟೇಪು ಶುರುವಾಗುವುದು ಒಂದರಿಂದ, ಹಾಗಾಗಿ ಹದಿನಾರು ಇಂಚಿನ ಭುಜ ಅದರಲ್ಲಿ ಹದಿನೇಳು ಎಂದು ಕಾಣುತ್ತದೆ. ಪುಸ್ತಕದಲ್ಲಿ ಹದಿನೇಳೆಂದೇ ಬರೆಯುತ್ತಾರೆ. ಕಾಗದದ ಮೇಲೆ ಬಿಡಿಸುವಾಗಲೂ ಅದೇ ಟೇಪು, ಒಂದರಿಂದ ಹದಿನೇಳಕ್ಕೆ ಗುರುತು, ಹದಿನಾರೇ ಬೀಳುತ್ತದೆ. ಎದೆಯ ಕಾಲುಭಾಗ ಬೇಕೆಂದರೆ ಲೆಕ್ಕ ಹಾಕುವುದಿಲ್ಲ, ಟೇಪನ್ನೇ ನಾಲ್ಕು ಮಡಿಕೆ ಮಡಿಸುತ್ತಾರೆ. ಹರಿದ ಟೇಪು ಹರಿದ ಟೇಪಿಗೆ ಹನ್ನೊಂದು ವರ್ಷದಿಂದ ಸರಿಹೊಂದುತ್ತ ಬಂದಿತ್ತು, ಒಂದು ಅಂಗಿಯೂ ತಪ್ಪಿರಲಿಲ್ಲ. ಆಮೆಯ ಹತ್ತಿರ ಇದ್ದದ್ದು ಮಾತ್ರ ಪೂರ್ತಿ ಟೇಪು. ಪಾಪದ ಪ್ರಾಣಿ, ಹದಿನೇಳು ಎಂದರೆ ಹದಿನೇಳು ಹೆಜ್ಜೆ ಹಾಕಿತ್ತು, ಆ ಗೆರೆಯೇ ಹರಿದ ಟೇಪಿಗೆ ಹದಿನೆಂಟಾಗಿ ಕಂಡಿತ್ತು.

ಮೊದಲು ನಕ್ಕವರು ಮಾಸ್ತರಮ್ಮ. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಸೊಸೆ ಅವರ ಹೆಗಲಿಗೆ ತಲೆಯಿಟ್ಟು ನಕ್ಕಳು. ಇಬ್ಬರೂ ಹಾಗೇ ನೆಲಕ್ಕೆ ಕುಸಿದರು. ಮೂರು ದಿನದ ಹಳಿ ಮುಗಿಸಿ ಮನೆಗೆ ಬಂದ ಮಗ ಬಾಗಿಲಲ್ಲಿ ನಿಂತು ನೋಡಿದ: ಅಮ್ಮ, ಹೆಂಡತಿ ಇಬ್ಬರೂ ನೆಲದ ಮೇಲೆ, ಕಣ್ಣಲ್ಲಿ ನೀರು, ನಡುವೆ ಒಂದು ಟೇಪು. "ಏನಾಯ್ತು? ಯಾರಿಗೆ ಏನಾಯ್ತು?"

"ಸೊನ್ನೆ ಸಿಕ್ತು ಕಣೋ!" ಎಂದರು ಮಾಸ್ತರಮ್ಮ. ಅವನಿಗೆ ಅರ್ಥವಾಗಲಿಲ್ಲ. ಚೀಲ ಇಟ್ಟು ಚಹಾ ಮಾಡಲು ಹೋದ.

"ನೀನು ಸುಮ್ನಿರೇ, ನಾನೇ ಬರೀತೀನಿ," ಎಂದು ಮಾಸ್ತರಮ್ಮ ಲ್ಯಾಪ್‌ಟಾಪು ಎಳೆದುಕೊಂಡರು. 'ನೀನು' ಎಂದು ಮೊದಲಿಂದಲೂ ಇತ್ತು. ಆ 'ರೇ' ಮಾತ್ರ ಹೊಸದು. ಸೊಸೆ ಅದನ್ನು ಗಮನಿಸಿದಳು, ಪಕ್ಕದಲ್ಲಿ ಒತ್ತಿಕೊಂಡು ಕೂತಳು. ಪ್ರೋಗ್ರಾಮಿನ ತಲೆಯ ಮೇಲೆ ಹೊಸದೊಂದು ಸಾಲು ಬಂತು: ಹರಿದಟೇಪು = 1. ಕೆಳಗೆ ಪ್ರತಿ ಅಳತೆಯಿಂದಲೂ ಅದನ್ನು ಕಳೆದರು.

ಎರಡನೇ ಟ್ರಯಲ್ ಕೋಟು ಡ್ರಮ್ಮಿನವನ ಮೈಮೇಲೆ ಹೇಗೆ ಕೂತಿತೆಂದರೆ ಕಾಜಕ್ಕ ಸೀಟಿ ಹೊಡೆದಳು. ಯಜಮಾನರು ಸುತ್ತ ಎರಡು ಸಲ ತಿರುಗಿ, ಬೆನ್ನು ತಟ್ಟಿ, ತೋಳೆಳೆದು, ಕೊನೆಗೆ ಕೈ ಮುಗಿದರು. "ನಿಮ್ಮಿಷ್ಟ ಮಾಸ್ತರಮ್ಮ. ನಾನಿನ್ನು ಮಾತಾಡಲ್ಲ." ನೀಲಿ ಬಟ್ಟೆ ಬಂದ ದಿನ ಅರವತ್ತನಾಲ್ಕು ಜನರ ಕಾಗದವೂ ಒಂದೇ ಮಧ್ಯಾಹ್ನದಲ್ಲಿ ಪ್ರಿಂಟಾಗಿ ಬಂತು. ಹನ್ನೆರಡು ದಿನ ಅಂಗಡಿಯಲ್ಲಿ ಕತ್ತರಿಯೂ ನಿಲ್ಲಲಿಲ್ಲ, ಯಂತ್ರವೂ ನಿಲ್ಲಲಿಲ್ಲ.

ನಡುವೆ ಸೊಸೆ ಒಂದು ಹೊಸ ಟೇಪು ತಂದುಕೊಟ್ಟಳು. ಹೊಳೆಯುವ ಹಳದಿ, ತುದಿಗೆ ಲೋಹದ ಪಟ್ಟಿ, ಸೊನ್ನೆಯೂ ಇತ್ತು. ಮಾಸ್ತರಮ್ಮ ಕಣ್ಣಿಗೊತ್ತಿಕೊಂಡರು. ಆಮೇಲೆ ಕತ್ತರಿ ತೆಗೆದುಕೊಂಡು ಕಚಕ್ಕನೆ ಮೊದಲನೇ ಇಂಚು ಕತ್ತರಿಸಿ ಹಾಕಿದರು.

"ಅಯ್ಯೋ ಅತ್ತೆ! ಏನ್ ಮಾಡಿದ್ರಿ?"

"ಪ್ರೋಗ್ರಾಮಲ್ಲಿ ಒಂದು ಕಳೀತಿದೀವಲ್ಲ ಕಣೇ. ಟೇಪು ಸರಿ ಇದ್ರೆ ಪ್ರೋಗ್ರಾಂ ತಪ್ಪಾಗಲ್ವಾ?"

ಈಗ ಅಂಗಡಿಗೆ ಬಂದವರು ಕೆಲವರು ಮಾಸ್ತರಮ್ಮನನ್ನು ಕೇಳುವುದುಂಟು, ಹೊಸದಾಗಿ ಕಲಿಯೋಕೆ ಯಾವ ಭಾಷೆ ಒಳ್ಳೇದು ಎಂದು. ಅವರು ಟೇಪಿನಿಂದ ತಲೆಯೆತ್ತದೆ, "ನಿಮ್ಮನೇಲಿ ಯಾರಿಗೆ ಯಾವುದು ಬರುತ್ತೆ? ಮೊದಲು ಅದನ್ನ ಕೇಳ್ಕೊಂಡು ಬನ್ನಿ," ಎನ್ನುತ್ತಾರೆ.

ಮೆರವಣಿಗೆಯ ದಿನ ಬೀದಿಯ ಎರಡೂ ಕಡೆ ಜನ. ಮಾಸ್ತರಮ್ಮ ಮುಂದಿನ ಸಾಲಿನಲ್ಲಿ ನಿಂತಿದ್ದರು, ಪಕ್ಕದಲ್ಲಿ ಸೊಸೆ, ಮೈಗೆ ಅಂಟಿದಂತೆ ಕೂತ ಹೊಸ ಕೋಟು ತೊಟ್ಟು. ಬ್ಯಾಂಡು ತಿರುವಿನಲ್ಲಿ ಕಾಣಿಸಿತು. ಎಲ್ಲರೂ ಸಂಗೀತ ಕೇಳುತ್ತಿದ್ದರೆ ಮಾಸ್ತರಮ್ಮ ಭುಜ ಎಣಿಸುತ್ತಿದ್ದರು. ಒಂದು, ಎರಡು, ಮೂರು... ಕಹಳೆಯವನ ಗೂನು ಬೆನ್ನು, ಕೊಳಲಿನವಳ ಅಗಲ ಹೆಗಲು, ತಾಳದವನ ದೊಡ್ಡ ಹೊಟ್ಟೆ, ಒಂದೊಂದಕ್ಕೂ ಅದರದೇ ಕೋಟು. ಕೊನೆಗೆ ಡ್ರಮ್ಮಿನವನು ಬಂದ. ಎರಡೂ ಕೈ ತಲೆಯ ಮೇಲೆತ್ತಿ ಏಟು ಹಾಕಿದ. ತೋಳು ಮಣಿಕಟ್ಟಿನ ಹತ್ತಿರವೇ ನಿಂತಿತು. ಮತ್ತೆ ಎತ್ತಿದ, ಮತ್ತೆ ನಿಂತಿತು. ಯಾರೂ ನಗಲಿಲ್ಲ.

ಮೆರವಣಿಗೆ ಮುಗಿದ ಮೇಲೆ ಅವನು ಬೆವರು ಒರೆಸಿಕೊಳ್ಳುತ್ತ ಹುಡುಕಿಕೊಂಡು ಬಂದ. "ಅಮ್ಮಾ, ಒಂದು ಮಾತು. ಬಾರಿಸ್ತಾ ಬಾರಿಸ್ತಾ ಕೋಟು ಹಾಕ್ಕೊಂಡಿದೀನಿ ಅನ್ನೋದೇ ಮರೆತುಹೋಗಿತ್ತು."

ಅಪ್ಪ ತಮ್ಮ ಕೋಟನ್ನು ಒಂದು ಹೆಜ್ಜೆಯಷ್ಟು ಹೊತ್ತೂ ಮರೆತವರಲ್ಲ. ಮಾಸ್ತರಮ್ಮ ಒಂದು ಕೈಯಲ್ಲಿ ಸೊಸೆಯ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಇನ್ನೊಂದು ಕೈಯಿಂದ ಡ್ರಮ್ಮಿನವನ ಮಣಿಕಟ್ಟು ಹಿಡಿದು, ಕೋಟಿನ ತೋಳಿನ ಒಳಗೆ ಹೆಬ್ಬೆರಳು ಹಾಕಿ, ಸುತ್ತಲೂ ತಡವಿ ನೋಡಿದರು. ಪಿನ್ನು ಇರಲಿಲ್ಲ.